ಕೊಡಲು ಬಂದವರ ಮೊದಲ ನೋಟ

ಆಫ್ರಿಕಾದ ಯಾವುದಾದರೊಂದು ನಗರಕ್ಕೆ ವೈದ್ಯಕೀಯ ಸೇವೆಗೆಂದು ಹೋದವರು ಬರೆದಿಟ್ಟ ಮೊದಲ ದಿನದ ಅನುಭವಗಳನ್ನು ಒಟ್ಟಿಗೆ ಓದುತ್ತ ಕುಳಿತರೆ, ಸ್ವಲ್ಪ ಹೊತ್ತಿಗೆ ಯಾವುದನ್ನು ಯಾರು ಬರೆದರೆಂಬುದು ಕಲಸಿಹೋಗುತ್ತದೆ. ಊರು ಕಂಪಾಲಾ ಇರಬಹುದು, ಲುಸಾಕಾ ಇರಬಹುದು. ಬರೆದವರು ಬೆಂಗಳೂರಿನವರಿರಬಹುದು, ಬೋಸ್ಟನ್‌ನವರಿರಬಹುದು. ಕೆಂಪು ಧೂಳು, ಜನ ತುಂಬಿ ತುಳುಕುವ ವ್ಯಾನು, ಬರಿಗಾಲಲ್ಲಿ ಓಡಿಬಂದು ಕೈ ಹಿಡಿಯುವ ಮಕ್ಕಳು, ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಕುಳಿತ ಸಾಲು. ಆಮೇಲೆ ‘ಏನೂ ಇಲ್ಲದಿದ್ದರೂ ಇವರ ಮುಖದಲ್ಲಿ ಎಂಥ ನಗು’ ಎಂಬ ಬೆರಗು. ಕೊನೆಯಲ್ಲಿ ‘ನಾನು ಕೊಟ್ಟದ್ದಕ್ಕಿಂತ ಪಡೆದದ್ದೇ ಹೆಚ್ಚು’ ಎಂಬ ಮಾತು. ಏನು ಪಡೆದರು ಎಂಬ ವಿವರ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಈ ಅಚ್ಚನ್ನು ಕೀನ್ಯಾದ ಲೇಖಕ ಬಿನ್ಯವಾಂಗ ವೈನೈನ 2005ರಲ್ಲಿ ಚೆನ್ನಾಗಿ ಗೇಲಿ ಮಾಡಿದ್ದರು. ಆಫ್ರಿಕಾದ ಬಗ್ಗೆ ಬರೆಯುವುದು ಹೇಗೆಂದು ಹೊರಗಿನವರಿಗೆ ಪಾಠ ಹೇಳುವ ಸೋಗಿನ ಪುಟ್ಟ ಲೇಖನವದು. ಅದನ್ನು ಓದಿ ನಗುವ ನಾವು, ಕಲಬುರಗಿ ಸೀಮೆಯವರು, ನಡುವೆ ನಗು ನಿಲ್ಲಿಸಬೇಕಾಗುತ್ತದೆ. ಏಕೆಂದರೆ ಆ ದಿನಚರಿಗಳಲ್ಲಿ ಕೆಂಪು ಧೂಳನ್ನು ಅಳಿಸಿ ಎರೆಮಣ್ಣು ಎಂದು ಬರೆದು, ಲುಸಾಕಾ ಇದ್ದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಎಂದು ತುಂಬಿಬಿಟ್ಟರೆ, ನಮ್ಮ ಕಡೆ ಆರೋಗ್ಯ ಶಿಬಿರಕ್ಕೆ ಬಂದುಹೋದ ಯಾವುದೋ ತಂಡದ ವರದಿ ಸಿದ್ಧವಾಗುತ್ತದೆ. ನಾವು ನೋಡುವವರ ಸಾಲಿನಲ್ಲೂ ಇದ್ದೇವೆ, ನೋಡಿಸಿಕೊಳ್ಳುವವರ ಸಾಲಿನಲ್ಲೂ ಇದ್ದೇವೆ. ಕೊಡಲು ಬಂದವರ ಕಣ್ಣಿಗೆ ಒಂದು ಊರು ಹೇಗೆ ಕಾಣುತ್ತದೆ, ಯಾಕೆ ಹಾಗೆಯೇ ಕಾಣುತ್ತದೆ ಎಂದು ಕೇಳಿಕೊಳ್ಳಲು ಈ ಎರಡು ಸಾಲಿನ ನಡುವಿನ ಜಾಗವೇ ತಕ್ಕದ್ದು.

ಈ ಮೂರು ತಾಲ್ಲೂಕುಗಳನ್ನು ನೀರು ಒಂದಕ್ಕೊಂದು ಹೊಲಿದಿದೆ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಮುಂದೆ ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹಾದು ಜೇವರ್ಗಿ ಸೀಮೆಯನ್ನು ಮುಟ್ಟುತ್ತದೆ. ಬೇಸಿಗೆಯಲ್ಲಿ ಬಂದವರು ಆ ಸೇತುವೆಯಿಂದ ಕೆಳಗೆ ನೋಡಿ ‘ಬರದ ನಾಡು’ ಎಂದು ಬರೆದುಕೊಂಡು ಹೋಗುತ್ತಾರೆ. 2020ರ ಅಕ್ಟೋಬರಿನಲ್ಲಿ ಬಂದವರು ಅದೇ ನದಿ ಊರೊಳಗೆ ನುಗ್ಗಿದ್ದನ್ನೂ ಜನ ಶಾಲೆಗಳಲ್ಲಿ ದಿನ ಕಳೆಯುತ್ತಿದ್ದುದನ್ನೂ ಕಂಡು ‘ನೆರೆಯ ನಾಡು’ ಎಂದು ಬರೆದುಕೊಂಡರು. ಮಳೆಗಾಲ ಮುಗಿದು ತೊಗರಿ ಹೂವಿಟ್ಟು ಹೊಲಗಳೆಲ್ಲ ಹಳದಿಯಾಗಿರುವಾಗ ಬಂದವರಿಗೆ ಇದೇ ನೆಲ ‘ತೊಗರಿ ಕಣಜ’. ಮೂರೂ ಸುಳ್ಳಲ್ಲ. ಆದರೆ ಬಂದ ತಿಂಗಳು ಯಾವುದೆಂಬುದು ಊರಿನ ಗುಣವಾಗಿ ದಾಖಲಾಗುತ್ತದೆ. ಮೊದಲ ನೋಟದ ಮೊದಲ ತೊಡಕು ಇದು. ಬರೆದವರು ತಮ್ಮ ಕ್ಯಾಲೆಂಡರನ್ನು ಊರಿಗೆ ಅಂಟಿಸಿಬಿಟ್ಟಿರುತ್ತಾರೆ.

ಸರ್ಕಾರವೂ ಹೀಗೆ ಒಮ್ಮೆ ನೋಡಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆಯಿತು. ನಮ್ಮ ಈ ಮೂರೂ ಆ ಕೊನೆಯ ಪಟ್ಟಿಯಲ್ಲಿವೆ. ಆ ವರದಿ ದೊಡ್ಡ ಉಪಕಾರ ಮಾಡಿತು. ಅನ್ಯಾಯಕ್ಕೆ ಅಂಕಿಅಂಶಗಳ ಬಲ ಕೊಟ್ಟಿತು. ಈ ಸೀಮೆಗೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಗಾಗಿ ನಡೆದ ಹೋರಾಟದ ವಾದಕ್ಕೂ ಅದು ಆಸರೆಯಾಯಿತು. ಆದರೆ ಹಣ ತರಲು ಬರೆದ ಪಟ್ಟಿ ಕ್ರಮೇಣ ಜನರ ಹಣೆಯ ಮೇಲಿನ ಬರಹವೂ ಆಯಿತು. ಈಗ ಶಿಬಿರಕ್ಕೆ ಬರುವ ತರುಣರು ಬಸ್ಸಿನಿಂದ ಇಳಿಯುವ ಮುಂಚೆಯೇ ಊರನ್ನು ‘ನೋಡಿ’ಬಿಟ್ಟಿರುತ್ತಾರೆ. ಇಳಿದ ಮೇಲೆ ಅವರು ಕಾಣುವುದು ಆ ಪಟ್ಟಿಯ ಸಾಕ್ಷ್ಯವನ್ನು.

ಒಂದು ಶಿಬಿರವನ್ನು ಹತ್ತಿರದಿಂದ ನೋಡೋಣ. ಸರ್ಕಾರಿ ಶಾಲೆಯ ಪಡಸಾಲೆ. ಫರ್ಸಿ ಹಾಸಿದ ನೆಲ, ಎರಡು ಬೆಂಚು ಜೋಡಿಸಿ ಮೇಲೆ ಬೆಡ್‌ಶೀಟು ಹಾಸಿದ ತಪಾಸಣೆಯ ಮಂಚ, ಕಿಟಕಿಗೆ ಕಟ್ಟಿದ ಬ್ಯಾನರು. ಒಂದು ಮೇಜಿನ ಮೇಲೆ ಬಿ.ಪಿ. ಯಂತ್ರ, ಇನ್ನೊಂದರ ಮೇಲೆ ಕಬ್ಬಿಣಾಂಶದ ಗುಳಿಗೆ, ಕ್ಯಾಲ್ಸಿಯಂ, ನೋವಿನ ಮುಲಾಮು. ಆಶಾ ಕಾರ್ಯಕರ್ತೆ ಹೆಸರು ಕೂಗುತ್ತಿದ್ದಾಳೆ. ಸಾಲಿನಲ್ಲಿ ಹೆಂಗಸರೇ ಹೆಚ್ಚು. ಗಂಡಸರು ಬೇವಿನ ಮರದ ಕೆಳಗೆ ನಿಂತು ಇದು ನಿಜಕ್ಕೂ ಪುಕ್ಕಟೆಯೋ, ಆಮೇಲೆ ಯಾವುದಾದರೂ ಆಸ್ಪತ್ರೆಗೆ ಕರೆದೊಯ್ಯುವ ತಂತ್ರವೋ ಎಂದು ಅಂದಾಜು ಮಾಡುತ್ತಿದ್ದಾರೆ. ತರುಣ ವೈದ್ಯೆ ಎದುರಿಗೆ ಕುಳಿತ ಹೆಂಗಸಿನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆಯುತ್ತಾಳೆ. ಒಳಗೆ ಕೆಂಪಿರಬೇಕಾದಲ್ಲಿ ಬಿಳುಪು.

‘ಯವ್ವಾ, ಒಂದ್ ಸೂಜಿ ಹಾಕ್ರಿ. ಮೈಯಾಗ ಕಸುವೇ ಇಲ್ಲ.’

‘ಸೂಜಿ ಬೇಡಮ್ಮ, ಈ ಗುಳಿಗೆ ದಿನಾ ಒಂದು ತಗೊಳ್ಳಿ. ಸೊಪ್ಪು, ಬೆಲ್ಲ ಚೆನ್ನಾಗಿ ತಿನ್ನಿ.’

ಹೆಂಗಸು ತಲೆಯಾಡಿಸಿ ಚೀಟಿ ತಗೊಂಡು ಏಳುತ್ತಾಳೆ. ಆ ಸಂಜೆ ವೈದ್ಯೆಯ ದಿನಚರಿಯಲ್ಲಿ ಒಂದು ವಾಕ್ಯ ಬೀಳುತ್ತದೆ: ಇಲ್ಲಿನ ಜನಕ್ಕೆ ಪೌಷ್ಟಿಕ ಆಹಾರದ ಅರಿವಿಲ್ಲ, ಸೂಜಿಯ ಮೇಲೆ ಕುರುಡು ನಂಬಿಕೆ. ಆ ಹೆಂಗಸು ದಿನವೂ ಪುಂಡಿಪಲ್ಯ ತಿನ್ನುವ ಸೀಮೆಯವಳು, ಶೇಂಗಾ ಹಿಂಡಿ ಕುಟ್ಟುವವಳು. ಸೊಪ್ಪಿನ ಹೆಸರು ಅವಳಿಗೆ ವೈದ್ಯೆಗಿಂತ ಹತ್ತು ಹೆಚ್ಚೇ ಗೊತ್ತು. ಅವಳ ರಕ್ತ ಎಲ್ಲಿ ಸೋರಿಹೋಯಿತು ಎಂಬುದು ಬೇರೆಯೇ ಪ್ರಶ್ನೆ. ಎಷ್ಟು ಹೆರಿಗೆ, ತಿಂಗಳಿಗೆ ಎಷ್ಟು ದಿನ ಸ್ರಾವ, ಹೊಟ್ಟೆಯಲ್ಲಿ ಜಂತುಹುಳವಿದೆಯೇ, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಎಷ್ಟು ಭಕ್ಕರಿ ಉಳಿಯುತ್ತದೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 48ರಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. ಇಡೀ ರಾಜ್ಯದ ಅರ್ಧದಷ್ಟು ಹೆಂಗಸರ ಕಥೆ ಜೇವರ್ಗಿಯ ಪಡಸಾಲೆಯಲ್ಲಿ ಕುಳಿತವಳ ಅಜ್ಞಾನವಾಗಿ ದಾಖಲಾಗುವುದು ಹೇಗೆ?

ವಿಚಿತ್ರವೆಂದರೆ, ಮೊದಲ ನೋಟವನ್ನು ನಂಬಬೇಡಿ ಎಂದು ಕಲಿಸುವ ವಿದ್ಯೆಯೇ ವೈದ್ಯವಿದ್ಯೆ. ರೋಗಿಯ ಬಳಿ ನಿಂತು ಮೊದಲು ಬರೀ ಕಣ್ಣಿನಿಂದ ನೋಡು, ಆಮೇಲೆ ಮುಟ್ಟು, ತಟ್ಟು, ಆಲಿಸು ಎಂಬ ಕ್ರಮವನ್ನು ಪ್ರತಿ ವಿದ್ಯಾರ್ಥಿಗೂ ಹೇಳಿಕೊಡುತ್ತಾರೆ. ಇದೆಲ್ಲಕ್ಕಿಂತ ಮುಂಚೆ ರೋಗಿಯ ಬಾಯಿಂದ ಪೂರ್ವವೃತ್ತ ಕೇಳಬೇಕು. ಇಷ್ಟಾದ ಮೇಲೂ ಕೇಸ್‌ಶೀಟಿನಲ್ಲಿ ಬರೆಯುವುದು ತಾತ್ಕಾಲಿಕ ರೋಗನಿರ್ಣಯ ಮಾತ್ರ. ಅದರ ಜೊತೆಗೆ ಇದಲ್ಲದಿದ್ದರೆ ಇನ್ನೇನಿರಬಹುದು ಎಂಬ ಪಟ್ಟಿ. ಮಾರನೆಯ ದಿನ ರಕ್ತಪರೀಕ್ಷೆಯ ವರದಿ ಬಂದಾಗ ಹೊಡೆದುಹಾಕಿ ಬೇರೆ ಬರೆಯುವುದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಹಾಗೆ ಬರೆಯದವರೇ ಅಪಾಯಕಾರಿ. ಒಬ್ಬ ಮನುಷ್ಯನ ಮುಂದೆ ಇಷ್ಟು ವಿನಯದಿಂದ ನಿಲ್ಲುವ ವೈದ್ಯರು ಒಂದು ಊರಿನ ಮುಂದೆ ನಿಂತಾಗ ಅದನ್ನೆಲ್ಲ ಮರೆಯುತ್ತಾರೆ. ಊರಿಗೆ ಪೂರ್ವವೃತ್ತವಿಲ್ಲ, ಇನ್ನೇನಿರಬಹುದು ಎಂಬ ಪಟ್ಟಿಯಿಲ್ಲ. ಕಂಡದ್ದೇ ಕೊನೆಯ ತೀರ್ಮಾನ.

ಇದಕ್ಕೆ ಕಾರಣ ಸೋಮಾರಿತನವಲ್ಲ ಎಂದೇ ನನ್ನ ಎಣಿಕೆ. ಕೊಡಲು ಬಂದವರಿಗೆ ಕೊರತೆ ಬೇಕು. ಕೊರತೆ ಇಲ್ಲದಿದ್ದರೆ ಅಷ್ಟು ದೂರ ಬಂದದ್ದಕ್ಕೆ ಅರ್ಥ ಉಳಿಯುವುದಿಲ್ಲ. ಹಾಗಾಗಿ ಕಣ್ಣು ತಾನಾಗಿಯೇ ಇಲ್ಲದ್ದನ್ನು ಹುಡುಕುತ್ತದೆ: ಶೌಚಾಲಯ ಇಲ್ಲ, ವೈದ್ಯರಿಲ್ಲ, ಅರಿವಿಲ್ಲ. ಇರುವುದು ಕಂಡರೂ ಅದು ಇಲ್ಲದ್ದರ ವೇಷದಲ್ಲೇ ಕಾಣುತ್ತದೆ. ಉದಾಹರಣೆಗೆ, ಕಲಬುರಗಿ ನಗರದಲ್ಲಿ 1963ರಲ್ಲೇ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಈಗ ನಗರದಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಜೇವರ್ಗಿ, ಅಷ್ಟೇ ದೂರದಲ್ಲಿ ಆಳಂದ. ಹಾಗಿದ್ದೂ ಶಿಬಿರ ಬೇಕಾಗುತ್ತದೆ ಎಂದರೆ ಅದು ವೈದ್ಯರ ಕೊರತೆಯೊಂದರ ಕಥೆಯಾಗಿರಲು ಸಾಧ್ಯವಿಲ್ಲ. ಒಂದು ದಿನದ ಕೂಲಿ, ಬಸ್ಸಿನ ಹೊತ್ತು, ಜೊತೆಗೆ ಬರುವವರು, ಕಿಟಕಿಯಲ್ಲಿ ಕುಳಿತವನ ಗದರಿಕೆ, ಹೋದ ಸಲ ಆದ ಅನುಭವ ಇವೆಲ್ಲ ಸೇರಿ ಆ 40 ಕಿಲೋಮೀಟರನ್ನು ಉದ್ದ ಮಾಡುತ್ತವೆ.

ಆ ಅನುಭವಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರೂ ಹಳ್ಳಿಗಳ ಬಡ ಹೆಂಗಸರೂ ತಮಗಾದದ್ದನ್ನು ಬಾಯಿಬಿಟ್ಟು ಹೇಳತೊಡಗಿದರು. ಹೊಟ್ಟೆನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದವರಿಗೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ, ಬೇಕಿಲ್ಲದಿದ್ದರೂ ಗರ್ಭಕೋಶ ತೆಗೆದಿದ್ದರು. ಎಷ್ಟೋ ಮಂದಿಗೆ ಇನ್ನೂ 40 ದಾಟಿರಲಿಲ್ಲ. ಸಾಲ ಮಾಡಿ, ಒಡವೆ ಒತ್ತೆಯಿಟ್ಟು ದುಡ್ಡು ಕಟ್ಟಿದ್ದರು. ತನಿಖೆಗಳು ನಡೆದವು, ಹೆಂಗಸರು ಬೀದಿಗಿಳಿದು ನ್ಯಾಯ ಕೇಳಿದರು. ಇಷ್ಟೆಲ್ಲ ಆದ ನೆಲದಲ್ಲಿ ಬಿಳಿ ಕೋಟು ಹಾಕಿಕೊಂಡು ಇಳಿಯುವ ಹೊಸಬರಿಗೆ ಬೇವಿನ ಮರದ ಕೆಳಗೆ ನಿಂತ ಗಂಡಸರ ಅನುಮಾನ ‘ಹಿಂಜರಿಕೆ’ಯಾಗಿ, ‘ಮೌಢ್ಯ’ವಾಗಿ ಕಾಣಬಹುದು. ಅದು ನೆನಪು. ಮೊದಲ ನೋಟಕ್ಕೆ ಜನರ ಮುಖ ಕಾಣುತ್ತದೆ. ಅವರ ನೆನಪು ಕಾಣುವುದಿಲ್ಲ.

ಗಾಣಗಾಪುರಕ್ಕೆ ಬಂದ ವೈದ್ಯರಿಗೆ ಇದರ ಇನ್ನೂ ಕಠಿಣ ಪರೀಕ್ಷೆ. ಆರತಿಯ ಹೊತ್ತಿಗೆ ದತ್ತನ ಗುಡಿಯಲ್ಲಿ ಗಂಟೆ ಬಾರಿಸತೊಡಗಿದಂತೆ, ದೆವ್ವ ಬಡಿದಿದೆ ಎಂದು ಕರೆತಂದವರು ಚೀರುತ್ತಾರೆ, ಕೂದಲು ಕೆದರಿ ತೂಗುತ್ತಾರೆ, ಕಂಬ ಹತ್ತುತ್ತಾರೆ. ಓದಿದವರ ಬಾಯಿಂದ ‘ಮೂಢನಂಬಿಕೆ’ ಎಂಬ ಪದ ಬರಲು ಅರೆಕ್ಷಣ ಸಾಕು. ಆ ಪದ ಪೂರ್ತಿ ತಪ್ಪೂ ಅಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಬಳಿ ಮಾನಸಿಕ ರೋಗಿಗಳನ್ನು ಇರಿಸಿದ್ದ ಗುಡಿಸಲುಗಳಿಗೆ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ 25ಕ್ಕೂ ಹೆಚ್ಚು ಮಂದಿ ಓಡಲಾಗದೆ ಸುಟ್ಟುಹೋದರು. ನಂಬಿಕೆಯ ಹೆಸರಿನಲ್ಲಿ ಏನೇನು ನಡೆಯಬಹುದು ಎಂಬುದಕ್ಕೆ ಅದಕ್ಕಿಂತ ಘೋರವಾದ ಪುರಾವೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ, ಅದು ಆಗಲೇಬೇಕಿತ್ತು.

ಆದರೆ ಏರ್ವಾಡಿಯ ದುರಂತದ ಮರುವರ್ಷವೇ, 2002ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಿಳುನಾಡಿನದೇ ಇನ್ನೊಂದು ಹಳ್ಳಿಯ ಗುಡಿ. ಅಲ್ಲಿ ಬಂದು ತಂಗಿದ್ದ 31 ಮಾನಸಿಕ ರೋಗಿಗಳು. ಔಷಧಿಯಿಲ್ಲ. ಮನೆಯವರಲ್ಲಿ ಒಬ್ಬರು ಜೊತೆಗಿರುತ್ತಾರೆ. ಗುಡಿಯ ಸಣ್ಣಪುಟ್ಟ ಕೆಲಸಗಳಲ್ಲಿ ಕೈಜೋಡಿಸುತ್ತಾರೆ. ಸರಾಸರಿ ಆರು ವಾರ ಕಳೆಯುವಷ್ಟರಲ್ಲಿ ರೋಗಲಕ್ಷಣಗಳ ತೀವ್ರತೆ ಸುಮಾರು ಶೇ 20ರಷ್ಟು ಇಳಿದಿತ್ತು. ಹೆದರಿಸದ, ಆಸರೆ ಕೊಡುವ ವಾತಾವರಣಕ್ಕೇ ಆ ಶಕ್ತಿಯಿದೆ ಎಂಬುದು ಅವರ ತೀರ್ಮಾನ. ಗುಡಿಗೆ ಹೋದರೆ ಸಾಕು, ಗುಳಿಗೆ ಬೇಡ ಎಂದು ಅವರು ಹೇಳಲಿಲ್ಲ. ಗುಡಿಯಲ್ಲಿ ಏನಿಲ್ಲ ಎಂಬುದನ್ನು ಬಿಟ್ಟು ಅಲ್ಲಿ ಏನಿದೆ ಎಂದು ಅಳೆದು ನೋಡಿದರು, ಅಷ್ಟೆ.

ಅದೇ ಕಣ್ಣಿನಿಂದ ಗಾಣಗಾಪುರವನ್ನು ನೋಡಿದರೆ, ಚೀರುವ ಹೆಂಗಸಿನ ಪಕ್ಕದಲ್ಲಿ ಇನ್ನೊಬ್ಬಳು ಕಾಣುತ್ತಾಳೆ. ತಾಯಿಯೋ ಅಕ್ಕನೋ ಇರಬೇಕು. ಒಂದು ಕೈಯಲ್ಲಿ ಸೀರೆಯ ಸೆರಗು ಸರಿಮಾಡುತ್ತ, ಇನ್ನೊಂದು ಕೈಯಿಂದ ಅವಳ ತಲೆ ಕಂಬಕ್ಕೆ ಬಡಿಯದಂತೆ ತಡೆಯುತ್ತ ನಿಂತಿರುತ್ತಾಳೆ. ಮನೆ, ಕೂಲಿ ಎಲ್ಲ ಬಿಟ್ಟು ಬಂದವಳು. ರೋಗಿಯನ್ನು ಒಂಟಿ ಬಿಡದ ಈ ಹಠವನ್ನು ನಮ್ಮ ಯಾವ ಆಸ್ಪತ್ರೆಯ ಚೀಟಿಯೂ ಔಷಧಿಯೆಂದು ಬರೆದುಕೊಳ್ಳುವುದಿಲ್ಲ. ಚೀರುವವಳಿಗೆ ಗುಳಿಗೆಯೂ ಬೇಕು, ಸರಿಯಾದ ಮನೋವೈದ್ಯರೂ ಬೇಕು. ಅವರು ಬಂದಾಗ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡುವ ಕೈ ಯಾವುದೆಂದು ಹುಡುಕಬೇಕಾಗಿಲ್ಲ.

ಹೊರಗಿನವರ ಒಳ್ಳೆಯ ಮನಸ್ಸನ್ನೇ ಪ್ರಶ್ನಿಸಿದವರು ಹಿಂದೆಯೂ ಇದ್ದರು. 1968ರ ಏಪ್ರಿಲಿನಲ್ಲಿ ಮೆಕ್ಸಿಕೋದಲ್ಲಿ ಅಮೆರಿಕದ ತರುಣ ಸ್ವಯಂಸೇವಕರ ಎದುರಿಗೇ ಚಿಂತಕ ಇವಾನ್ ಇಲಿಚ್, ನೋಡಲು, ಕಲಿಯಲು ಬೇಕಾದರೆ ಬನ್ನಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬರ್ಥದ ಕಟುವಾದ ಭಾಷಣ ಮಾಡಿದರು. ವೈದ್ಯ ಆಲ್ಬರ್ಟ್ ಶ್ವೈಟ್ಜರ್ 1913ರಲ್ಲಿ ಇಂದಿನ ಗಬಾನ್ ದೇಶದ ಲಾಂಬರೆನೆಗೆ ಹೋಗಿ ಆಸ್ಪತ್ರೆ ಕಟ್ಟಿ, 1965ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರಿಗೆ 1952ರ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತ್ತು. ಅವರ ತ್ಯಾಗ ದೊಡ್ಡದು. ಆದರೂ ನೈಜೀರಿಯಾದ ಲೇಖಕ ಚಿನುವಾ ಅಚಿಬೆ 1975ರ ಒಂದು ಉಪನ್ಯಾಸದಲ್ಲಿ ಅವರ ಮೇಲೆ ಬೆರಳು ಮಾಡಿದರು: ಆಫ್ರಿಕನ್ನನನ್ನು ಸೋದರನೆಂದು ಒಪ್ಪಿದ ಶ್ವೈಟ್ಜರ್, ಅವನು ಎಂದೆಂದಿಗೂ ಚಿಕ್ಕ ತಮ್ಮನಾಗಿಯೇ ಇರಬೇಕೆಂದೂ ಎಣಿಸಿದ್ದರು ಎಂಬುದು ಆಕ್ಷೇಪ. ದಶಕಗಳ ಕಾಲ ಅಲ್ಲಿ ಬದುಕಿದವರ ಕಣ್ಣಿನಿಂದಲೂ ಮೊದಲ ದಿನದ ಎತ್ತರ ಇಳಿಯಲಿಲ್ಲವೆಂದರೆ, ದಿನಗಳನ್ನು ಕೂಡಿಸುತ್ತ ಹೋಗುವುದರಿಂದಲೇ ನೋಟ ತಿಳಿಯಾಗುವುದಿಲ್ಲ ಎಂದಾಯಿತು. ಎಲ್ಲಿ ನಿಂತು ನೋಡುತ್ತೇವೆ ಎಂಬುದೂ ಮುಖ್ಯ.

ಆ ಎತ್ತರ ಶಾಶ್ವತವೇನಲ್ಲ ಎಂದು ತಿಳಿಯಲು ನಮ್ಮ ಸೀಮೆಯ ಚರಿತ್ರೆಯನ್ನೇ ತೆಗೆದು ನೋಡಬಹುದು. ಇಂದು ಆಫ್ರಿಕಾ ಎಂದರೆ ನೆರವು ಕಳಿಸಬೇಕಾದ ಖಂಡ ಎಂದು ನಮ್ಮ ಮಕ್ಕಳೂ ತಿಳಿದಿದ್ದಾರೆ. ಆದರೆ ಬಹಮನಿಗಳ ಕೊನೆಯ ಕಾಲದಲ್ಲಿ, 15ನೇ ಶತಮಾನ ಮುಗಿಯುವ ಹೊತ್ತಿಗೆ, ಕಲಬುರಗಿ ಸೀಮೆ ದಸ್ತೂರ್ ದಿನಾರ್ ಎಂಬ ಹಬಶಿ, ಎಂದರೆ ಆಫ್ರಿಕಾ ಮೂಲದ, ಸರದಾರನ ಕೈಯಲ್ಲಿತ್ತು. ಇಥಿಯೋಪಿಯಾದ ಕಡೆಯಿಂದ ಗುಲಾಮರಾಗಿ, ಸೈನಿಕರಾಗಿ ಬಂದವರ ಪೈಕಿ ಎಷ್ಟೋ ಮಂದಿ ದಖ್ಖನಿನಲ್ಲಿ ಸರದಾರರಾದರು, ಮಂತ್ರಿಗಳಾದರು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನ ಇಖ್ಲಾಸ್ ಖಾನ್ ಹಬಶಿ, ಅಹಮದ್‌ನಗರದ ಮಲಿಕ್ ಅಂಬರ್ ಹಬಶಿ. ಬೀದರಿನಲ್ಲಿ ಹಬಶಿ ಕೋಟ್ ಎಂಬ ದಿಬ್ಬ ಇಂದಿಗೂ ಇದೆ. ಆ ಕಾಲದಲ್ಲಿ ಆಳಂದದ ರೈತನೊಬ್ಬ ಆಫ್ರಿಕಾದವನನ್ನು ಮೊದಲ ಸಲ ನೋಡಿದ್ದರೆ, ತಲೆಯೆತ್ತಿ, ಕುದುರೆಯ ಮೇಲೆ ಕುಳಿತವನನ್ನು ನೋಡಿರುತ್ತಾನೆ. ಯಾರು ಕೊಡುವವರು, ಯಾರು ಕೈಯೊಡ್ಡುವವರು ಎಂಬುದನ್ನು ಕಾಲ ಹೀಗೆ ತಿರುವಿಹಾಕುತ್ತಲೇ ಬಂದಿದೆ.

ಗಾಣಗಾಪುರ ಈ ತಿರುವುಮುರುವನ್ನು ದಿನನಿತ್ಯದ ಆಚರಣೆಯನ್ನಾಗಿಯೇ ಮಾಡಿಕೊಂಡಿದೆ. ಮಧ್ಯಾಹ್ನದ ಹೊತ್ತಿಗೆ ದತ್ತಾತ್ರೇಯ ಯಾವುದೋ ವೇಷದಲ್ಲಿ ಈ ಊರಿಗೆ ಭಿಕ್ಷೆಗೆ ಬರುತ್ತಾನೆ ಎಂಬುದು ನಂಬಿಕೆ. ಅದಕ್ಕೆ ಇಲ್ಲಿ ಮಧುಕರಿ ನಡೆಯುತ್ತದೆ. ಪುಣೆ, ಮುಂಬೈ, ಸೊಲ್ಲಾಪುರಗಳಿಂದ ಕಾರಿನಲ್ಲಿ ಬಂದ ಶ್ರೀಮಂತರೂ ಜೋಳಿಗೆ ಹಿಡಿದು ಮನೆಮನೆಯ ಮುಂದೆ ನಿಲ್ಲುತ್ತಾರೆ. ಅವರ ಪಕ್ಕದಲ್ಲಿ ನಿಜಕ್ಕೂ ಹಸಿದವರು ನಿಂತಿರುತ್ತಾರೆ. ಒಳಗಿನಿಂದ ಬಂದ ಹೆಂಗಸು ಇಬ್ಬರಿಗೂ ಅಷ್ಟಷ್ಟೇ ಹಾಕುತ್ತಾಳೆ. ಯಾರು ದತ್ತ, ಯಾರು ಭಿಕ್ಷುಕ, ಯಾರು ಇಂಜಿನಿಯರ್ ಎಂದು ಅವಳು ಕೇಳುವುದಿಲ್ಲ. ಸರ್ಕಾರದ ಲೆಕ್ಕದಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕಿನ ಹೆಂಗಸೊಬ್ಬಳು ಆ ಗಳಿಗೆಯಲ್ಲಿ ಕೊಡುವವಳು. ಮುಂದುವರಿದ ನಗರದವರು ಬೇಡುವವರು. ದತ್ತ ಸಂಪ್ರದಾಯದ ಗ್ರಂಥವಾದ ಗುರುಚರಿತ್ರೆಯಲ್ಲೂ ಇದೇ ಧಾಟಿಯ ಒಂದು ಕಥೆಯಿದೆ. ಬೀದರಿನ ಸುಲ್ತಾನನಿಗೆ ಯಾವ ವೈದ್ಯಕ್ಕೂ ಬಗ್ಗದ ಹುಣ್ಣಾಗುತ್ತದೆ, ಅವನು ಗುರು ನರಸಿಂಹ ಸರಸ್ವತಿಯನ್ನು ಹುಡುಕಿಕೊಂಡು ಗಾಣಗಾಪುರಕ್ಕೆ ಬರುತ್ತಾನೆ. ರಾಜಧಾನಿಯಿಂದ ಹಳ್ಳಿಗೆ ರೋಗಿಯಾಗಿ ಬಂದ ಸುಲ್ತಾನ! ಇದನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಗುಣವಾಗುವುದು ಯಾವಾಗಲೂ ದೊಡ್ಡೂರಿನಿಂದ ಸಣ್ಣೂರಿಗೇ ಹರಿದುಬರಬೇಕೆಂದಿಲ್ಲ ಎಂದು ಈ ಸೀಮೆ ಬಹಳ ಹಿಂದಿನಿಂದ ತನಗೆ ತಾನೇ ಹೇಳಿಕೊಂಡ ಮಾತೆಂದು ಓದಿದರೆ ಸಾಕು.

ಈಗ ಶಿಬಿರದ ಮಧ್ಯಾಹ್ನಕ್ಕೆ ಬರೋಣ. ಒಂದೂವರೆಗೆ ಊಟದ ಬಿಡುವು. ಊರವರು ಯಾರದೋ ಮನೆಯಲ್ಲಿ ಅಡುಗೆ ಮಾಡಿಸಿರುತ್ತಾರೆ: ಖಡಕ್ ಭಕ್ಕರಿ, ಎಣ್ಣೆಗಾಯಿ, ಬ್ಯಾಳಿ, ಮೊಸರು. ತಂಡದ ಜೊತೆ ಬಂದ ವ್ಯವಸ್ಥಾಪಕರು ನಯವಾಗಿ ಕೈಮುಗಿಯುತ್ತಾರೆ: ‘ನಿಮಗ್ಯಾಕೆ ತೊಂದರೆ, ನಾವು ಡಬ್ಬಿ ತಂದಿದ್ದೇವೆ.’ ವ್ಯಾನಿನ ನೆರಳಿನಲ್ಲಿ ಕಲಬುರಗಿಯಿಂದ ಬಂದ ಪೊಟ್ಟಣಗಳು, ಬಾಟಲಿ ನೀರು ಹೊರಬರುತ್ತವೆ. ಬೇಡವೆನ್ನಲು ಕಾರಣವಿದೆ, ಹೊಸ ಜಾಗದ ನೀರು ಕುಡಿದು ನಾಲ್ವರು ವೈದ್ಯರು ಮಲಗಿಬಿಟ್ಟರೆ ಶಿಬಿರ ನಡೆಸುವವರು ಯಾರು? ಬಡವರ ಮನೆಗೆ ಭಾರವಾಗಬಾರದು ಎಂಬ ಸಂಕೋಚವೂ ಪ್ರಾಮಾಣಿಕವೇ. ಆದರೂ ಆ ಗಳಿಗೆಯಲ್ಲಿ ಏನೋ ಒಂದು ಮುಗಿದುಹೋಗುತ್ತದೆ. ‘ನಮ್ಮದು ಯಾಕ್ ಉಣವೊಲ್ರು?’ ಎಂದು ಒಳಗಿನ ಹೆಂಗಸು ಕೇಳುತ್ತಾಳೆ. ಬೆಳಿಗ್ಗೆ ವೈದ್ಯೆಗೆ ಕಣ್ಣು ತೋರಿಸಿದವಳೇ ಅವಳಾಗಿರಬಹುದು. ಅವಳ ಬಿಳಿಚಿದ ರಕ್ತವನ್ನು ನೋಡಿದವರು ಅವಳ ಕೈಯ ಭಕ್ಕರಿಯನ್ನು ನೋಡಲು ಒಪ್ಪಲಿಲ್ಲ.

ಆ ಭಕ್ಕರಿಯ ಹಿಂದೆ ಒಂದು ಪರಂಪರೆಯಿದೆ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿ ಶರಣಬಸವೇಶ್ವರರು ಹುಟ್ಟಿದ ಊರು. ಕಾಳು ತಿನ್ನಲು ಬಂದ ಹಕ್ಕಿಗಳನ್ನು ಹೊಲದಿಂದ ಓಡಿಸದೆ, ಅವುಗಳಿಗೆ ಕುಡಿಯಲು ನೀರನ್ನೂ ಇಟ್ಟರೆಂದು ಜನ ಅವರ ಕಥೆ ಹೇಳುತ್ತಾರೆ. ಅವರಿಂದ ಈ ಸೀಮೆಗೆ ಬಂದ ದೊಡ್ಡ ಬಳುವಳಿ ದಾಸೋಹ. ದಾಸೋಹದಲ್ಲಿ ಉಣಬಡಿಸುವವರು ಯಜಮಾನರಲ್ಲ. ಉಣ್ಣಲು ಬಂದವರಿಂದಲೇ ತಮ್ಮ ಬದುಕು ಸಾರ್ಥಕವಾಯಿತೆಂದು ತಿಳಿಯುವವರು. ಹಾಗಾಗಿ ಇಲ್ಲಿ ಉಣ್ಣದೆ ಹೋದ ಅತಿಥಿ ಉಪಕಾರ ಮಾಡಿದಂತಾಗುವುದಿಲ್ಲ. ಕೊಡುವ ಅಧಿಕಾರ ತನ್ನೊಬ್ಬನದೇ ಎಂದು ಸಾರಿ ಹೋದಂತಾಗುತ್ತದೆ.

ಇದೆಲ್ಲ ಹೊಟ್ಟೆ ತುಂಬಿದವರ ತತ್ವಜ್ಞಾನ, ಕಾಯಿಲೆ ಬಿದ್ದವರಿಗೆ ಬೇಕಾದದ್ದು ಗುಳಿಗೆ ಎಂದು ಯಾರಾದರೂ ಹೇಳಬಹುದು. ಹೇಳಬೇಕಾದ ಮಾತೇ ಅದು. ರಕ್ತಹೀನತೆಗೆ ಭಕ್ಕರಿ ತಿಂದ ವಿನಯ ಮದ್ದಲ್ಲ. ಆದರೆ ಇಂದು ನಮ್ಮ ಹಳ್ಳಿಗಳನ್ನು ಹಿಂಡುತ್ತಿರುವ ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತಹೀನತೆ, ಮನೋರೋಗ ಯಾವುದೂ ಒಂದು ದಿನದ ಗುಳಿಗೆಗೆ ಬಗ್ಗುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಯಾರಾದರೂ ಬೆನ್ನು ಹತ್ತಬೇಕು. ಬೆನ್ನು ಹತ್ತುವವರು ಊರೊಳಗಿನವರೇ ಆಗಿರಬೇಕು. ಹೊಸ ವೈದ್ಯೆ ಹೋದ ಮೇಲೂ ಗುಳಿಗೆ ನುಂಗಿಸುವವಳು ಆಶಾ ಕಾರ್ಯಕರ್ತೆ, ಆ ಅಕ್ಕ, ಆ ತಾಯಿ. ಅವರ ಶಕ್ತಿಯನ್ನು ಕಾಣದವರು ಚಿಕಿತ್ಸೆಯ ಅರ್ಧ ಭಾಗವನ್ನು ಬರೆಯದೆಯೇ ಚೀಟಿ ಹರಿದುಕೊಟ್ಟಂತೆ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದ ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಸೋಲಿಗರ ನಡುವೆಯೇ ನೆಲೆ ನಿಂತು, ಅವರ ಮಕ್ಕಳ ಓದು, ಅವರ ಕಾಡಿನ ಹಕ್ಕು, ಅವರ ಸಂಘಟನೆ ಎಲ್ಲವೂ ಆರೋಗ್ಯದ ಮಾತೇ ಎಂದು ತಿಳಿದದ್ದರಿಂದ ಆ ಕೆಲಸ ನಿಂತಿತು. ಶಿಬಿರಕ್ಕೆ ಬಂದವರೆಲ್ಲ ಹಾಗೆ ನೆಲೆ ನಿಲ್ಲಲಾರರು. ನಿಲ್ಲಬೇಕೆಂದು ಕೇಳುವುದೂ ನ್ಯಾಯವಲ್ಲ. ಒಂದು ದಿನಕ್ಕೆ ಬಂದವರಿಂದಲೂ ಆಗುವುದೊಂದಿದೆ.

ಅದು ಅವರಿಗೆ ಗೊತ್ತಿರುವ ಒಂದು ಪ್ರಶ್ನೆ. ಪ್ರತಿ ರೋಗಿಯನ್ನೂ ಕೇಳಲು ಕಲಿತದ್ದು: ಇದಕ್ಕೆ ಇಲ್ಲಿಯವರೆಗೆ ಏನೇನು ಮಾಡಿದಿರಿ? ಈ ಪ್ರಶ್ನೆಯನ್ನು ಗಡಿಬಿಡಿಯಿಲ್ಲದೆ ಕೇಳಿ, ಉತ್ತರಕ್ಕೆ ಕಾದರೆ ಒಂದು ನಕ್ಷೆ ಬಿಚ್ಚಿಕೊಳ್ಳುತ್ತದೆ. ‘ಮೊದಲ ನಮ್ಮೂರ ಡಾಕ್ಟರ್ ಬಲ್ಲಿ ತೋರಿಸಿದೆವ್ರಿ’ ಎಂದು ಶುರುವಾಗುತ್ತದೆ. ಆ ‘ಡಾಕ್ಟರ್’ ಪದವಿಯಿಲ್ಲದ ಆರ್.ಎಂ.ಪಿ. ಇರಬಹುದು, ಆದರೆ ನಡುರಾತ್ರಿ ಕರೆದರೆ ಬರುತ್ತಾನೆ, ದುಡ್ಡು ತೊಗರಿ ಮಾರಿದ ಮೇಲೆ ಕೊಡಿ ಎನ್ನುತ್ತಾನೆ. ಆಮೇಲೆ ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹರಕೆ. ಆಮೇಲೆ ಗಾಣಗಾಪುರ. ಕಡಿಮೆಯಾಗದಿದ್ದಾಗ ಅಣ್ಣನ ಹತ್ತಿರ ಸಾಲ ಮಾಡಿ ಸೊಲ್ಲಾಪುರ. ಅಲ್ಲಿ ಬರೆದುಕೊಟ್ಟ ಗುಳಿಗೆ ಮೂರು ತಿಂಗಳು. ನಂತರ ಕಬ್ಬು ಕಡಿಯಲು ಹೋದಾಗ ತಪ್ಪಿತು. ಈ ಉತ್ತರದಲ್ಲಿ ತಪ್ಪುಗಳಿವೆ, ವ್ಯರ್ಥವಾದ ಹಣವಿದೆ, ಅಪಾಯವೂ ಇದೆ. ಅದರ ಜೊತೆಗೆ ಪ್ರಯತ್ನವಿದೆ, ಸಂಬಂಧವಿದೆ, ಲೆಕ್ಕಾಚಾರವಿದೆ. ‘ಅರಿವಿಲ್ಲದ ಜನ’ ಎಂಬ ವಾಕ್ಯ ಈ ಉತ್ತರದ ಮುಂದೆ ನಿಲ್ಲುವುದಿಲ್ಲ. ಚಿಕಿತ್ಸೆ ಎಲ್ಲಿ ತಪ್ಪಿತೆಂದೂ ಗೊತ್ತಾಗುತ್ತದೆ: ನಂಬಿಕೆಯಲ್ಲಲ್ಲ, ಕಬ್ಬಿನ ಕಟಾವಿನ ತಿಂಗಳಲ್ಲಿ. ಅಲ್ಲಿಗೆ ಮದ್ದನ್ನೂ ಬೇರೆ ರೀತಿಯಲ್ಲಿ ಯೋಚಿಸಬೇಕಾಗುತ್ತದೆ. ಗುಳೆ ಹೋಗುವ ಮುಂಚೆ ಅಷ್ಟೂ ತಿಂಗಳ ಗುಳಿಗೆ ಕಟ್ಟಿಕೊಡಬೇಕು, ಹೋದ ಊರಿನಲ್ಲಿ ಯಾರಿಗೆ ತೋರಿಸಬೇಕೆಂದು ಬರೆದುಕೊಡಬೇಕು.

ಲುಸಾಕಾಕ್ಕೆ ಹೋಗುವ ನಮ್ಮ ಹುಡುಗರಿಗೂ ಜೇವರ್ಗಿಗೆ ಬರುವ ಹೊರಗಿನ ಹುಡುಗರಿಗೂ ಇದೇ ಮಾತು ಸಲ್ಲುತ್ತದೆ. ಮೊದಲ ದಿನದ ದಿನಚರಿ ಬರೆಯಲೇಬೇಕು. ಹೊಸ ಕಣ್ಣಿಗೆ ಹಳಬರು ಕಾಣದ ಎಷ್ಟೋ ಕಾಣುತ್ತದೆ. ಅದನ್ನು ಕೇಸ್‌ಶೀಟಿನಂತೆ ಬರೆಯಲಿ: ತಾರೀಖು ಹಾಕಿ, ತಾತ್ಕಾಲಿಕ ಎಂದು ನಮೂದಿಸಿ, ಇನ್ನೇನಿರಬಹುದು ಎಂಬ ಸಾಲಿಗೆ ಜಾಗ ಬಿಟ್ಟು. ಊರಿಗೆ ಏನಿಲ್ಲ ಎಂದು ಬರೆದ ಪ್ರತಿ ಸಾಲಿನ ಕೆಳಗೆ, ಅದಿಲ್ಲದೆ ಇವರು ಇಷ್ಟು ದಿನ ಹೇಗೆ ನಿಭಾಯಿಸಿದರು ಎಂದು ಕೇಳಿ ತಿಳಿದದ್ದನ್ನೂ ಬರೆಯಲಿ. ಕೊಡಲು ಬಂದವರು ಮೊದಲು ತೆಗೆದುಕೊಳ್ಳಬೇಕಾದದ್ದು ಆ ಉತ್ತರವನ್ನು. ಅದನ್ನು ಕೊಡುವ ಜನಕ್ಕೆ ತಾವೂ ಕೊಟ್ಟೆವೆಂದು ಗೊತ್ತಾದರೆ, ಮುಂದಿನ ತಿಂಗಳು ಗುಳಿಗೆಗೆ ತಾವಾಗಿಯೇ ಬರುತ್ತಾರೆ.